ದೊಡ್ಡಪ್ಪನ ಹೆಸರಿನಲ್ಲಿದ್ದ ಹಾಡು

ಇಂಥ ಮಾತು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನು. ಶಿಗ್ಗಾಂವಿಯಲ್ಲಿ ನಮ್ಮದು ಮೈಕ್‌ಸೆಟ್ ಅಂಗಡಿ, ಅಪ್ಪನ ಕಾಲದಿಂದ. ದನಿ ನಿಂತಿತೆಂದರೆ ಎಲ್ಲೋ ವೈರು ಸಡಿಲಾಗಿದೆ. ನನ್ನ ವೇದಾಂತ ಅಷ್ಟೇ. ಭಜನೆಯ ಹಿರಿಯರ ನಡುವೆ ಕೂತು ಮಾತು ಕಲಿತವನಾದರೂ, ಅವರು ಹೇಳುತ್ತಿದ್ದ ದೆವ್ವದ ಕತೆಗಳನ್ನು ಚಹಾದ ಜೊತೆ ಕುಡಿದು ಮರೆಯುತ್ತಿದ್ದೆ. ಈಗ ನನ್ನದನ್ನು ಕೇಳಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಅಪ್ಪ ದುಂಡಸಿ, ಬಂಕಾಪುರ, ಅಬಲೂರು ಎಂದು ಊರೂರಿಗೆ ಭಜನೆಗೆ ಮೈಕ್ ಕಟ್ಟಲು ಹೋದಾಗಲೆಲ್ಲ ಹಾಡುಗಳನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಡುತ್ತಿದ್ದ. ಎರಡು ಟ್ರಂಕು ತುಂಬ ಇದ್ದವು. ಕೆಲವು ವರ್ಷಗಳ ಹಿಂದೆ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಮನೆಯ ಮೂಲೆಯಲ್ಲಿ ಒಂದು ಸಣ್ಣ ಸರ್ವರ್ ಇಟ್ಟೆ. ಹಗಲಿರುಳು ಅದು ಚಾಲೂ ಇರುತ್ತದೆ. ಮನೆಯವರು, ನೆಂಟರು ಎಲ್ಲಿಂದ ಬೇಕಾದರೂ ಮೊಬೈಲಿನಲ್ಲಿ ಹಾಡು ಹಚ್ಚಿಕೊಳ್ಳಬಹುದು. ಇಳಿಸುವುದು ಸುಲಭ, ಹೆಸರು ಹಚ್ಚುವುದು ಕಷ್ಟ. ಪ್ರತಿ ಹಾಡಿನ ಫೈಲಿನೊಳಗೆ ಟ್ಯಾಗ್ ಎಂಬ ಚೀಟಿಯಂಥದ್ದೊಂದು ಇರುತ್ತದೆ. ಯಾವ ಪದ, ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಎಂದು ಅದರಲ್ಲಿ ತುಂಬಬೇಕು. ತುಂಬದಿದ್ದರೆ ಸಾವಿರ ಹಾಡಿದ್ದರೂ ಹೆಸರಿಲ್ಲದ ರಾಶಿ.

ಒಂದು ಕ್ಯಾಸೆಟ್ಟಿನ ಮೇಲಿನ ಬರಹವನ್ನು ಇಲಿ ತಿಂದಿತ್ತು. ಒಳಗೆ ಒಂದೇ ಹಾಡು. ಎಳೆಯ ಗಂಡುದನಿ, ಹಾರ್ಮೋನಿಯಂ ಪೆಟ್ಟಿಗೆ, ಜೊತೆಗೆ ತಾಳ. ಆ ತಾಳ ಮೂರು ಪೆಟ್ಟು ಸರಿಯಾಗಿ ಬಿದ್ದು, ನಾಲ್ಕನೆಯದು ತುಸು ತಡೆದು ಬೀಳುತ್ತಿತ್ತು. ಟೇಪು ಹಿಗ್ಗಿದೆ ಎಂದುಕೊಂಡೆ. ಆ ದಿನ ಸವಣೂರಿನಿಂದ ಗೌರವ್ವ ದೊಡ್ಡವ್ವ ನಮ್ಮ ಮನೆಗೆ ಬಂದಿದ್ದಳು. ಅವಳ ಗಂಡ, ಅಂದರೆ ನಮ್ಮ ಚನ್ನಬಸಪ್ಪ ದೊಡ್ಡಪ್ಪ, ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದ. ಭಜನೆಗೆ ಹೋಗುತ್ತಿದ್ದ ಎಂಬುದಷ್ಟೇ ನನಗೆ ಗೊತ್ತು. ಹಾಡು ಕಿವಿಗೆ ಬಿದ್ದದ್ದೇ ದೊಡ್ಡವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಇದರಲ್ಲಿ ದೊಡ್ಡಪ್ಪ ಇದ್ದಾನೇನು ಎಂದು ಕೇಳಿದೆ. ಗಂಡನ ಹೆಸರು ಬಾಯಲ್ಲಿ ತೆಗೆಯದ ಕಾಲದವಳು. ನೆಲ ನೋಡಿ ಹೌದೆಂದು ತಲೆಯಾಡಿಸಿದಳು. “ಇನ್ನೊಮ್ಮೆ ಹಚ್ಚೋ ತಮ್ಮಾ” ಎಂದಳು, ಅಷ್ಟೇ.

ಹೆಚ್ಚು ಕೆದಕುವುದು ಚೆಂದವಲ್ಲವೆಂದು ಸುಮ್ಮನಾದೆ. ಹಾಡಿದವರು ಎಂಬಲ್ಲಿ ಚನ್ನಬಸಪ್ಪ ಎಂದು ಬರೆದೆ. ಶಿವರಾತ್ರಿಯ ದಿನ ಸವಣೂರಿಗೆ ಹೋಗಿ ಅವಳ ದೇವರಮನೆಯ ಮಾಡದಲ್ಲಿ ಒಂದು ಸ್ಪೀಕರ್ ಇಟ್ಟು, ಗುಂಡಿ ಒತ್ತಿದರೆ ಆ ಹೆಸರಿನಲ್ಲಿರುವ ಹಾಡು ಬರುವಂತೆ ಮಾಡಿದೆ. ಮರುದಿನದಿಂದ ದಿನಾ ಮುಂಜಾನೆ ಪೂಜೆ ಮುಗಿಸಿ ಒತ್ತುತ್ತಿದ್ದಳು.

ಎರಡು ತಿಂಗಳ ಮೇಲೆ ಅಬಲೂರಿನ ಈರಪ್ಪಣ್ಣನನ್ನು ನೋಡಲು ಹೋದೆ. ನಮ್ಮ ಭಾಗದ ಭಜನೆಯಲ್ಲಿ ಮುಂದೆ ಕೂತು ಹಾಡುವ ಮನುಷ್ಯ. ದನಿ ಪೂರ್ತಿ ಹೋಗಿದೆ ಎಂದು ಸುದ್ದಿ ಬಂದಿತ್ತು. ಹಿರೇಕೆರೂರು, ಹುಬ್ಬಳ್ಳಿ ತಿರುಗಿ ಗಂಟಲಿಗೆ ಕ್ಯಾಮೆರಾ ಬಿಟ್ಟು ನೋಡಿಸಿದ್ದರಂತೆ; ಏನೂ ಇಲ್ಲ ಎಂದರಂತೆ. ಮೊಮ್ಮಗಳ ಪಾಟಿಯ ಮೇಲೆ ಬರೆದು ತೋರಿಸಿದ: “ದನಿ ಹ್ವಾದಮ್ಯಾಲ ಇದ್ದೇನು ಮಾಡ್ಲಿ?”

ಅವನನ್ನು ನಗಿಸೋಣವೆಂದು ಮೊಬೈಲಿನಲ್ಲಿ ಹಳೆಯ ಹಾಡು ಹಚ್ಚುತ್ತ ಹೋದೆ. ದೊಡ್ಡಪ್ಪನದೂ ಒಂದು ಸಿಕ್ಕಿದೆ ಎಂದು ಅದನ್ನೂ ಕೇಳಿಸಿದೆ. ಈರಪ್ಪಣ್ಣ ಪಾಟಿ ಎಳೆದುಕೊಂಡು ಬರೆದ: “ಇದು ನನ್ನ ದನಿ. ಇಪ್ಪತ್ತು ವರ್ಷದಾಂವ ಇದ್ದೆ. ಚನ್ನಬಸಣ್ಣ ತಾಳ ಹಾಕ್ಯಾನ.”

ಯಾವಾಗಿನಿಂದ ದನಿ ಹೋಯಿತು ಎಂದು ಅವನ ಹೆಂಡತಿಯನ್ನು ಕೇಳಿದೆ. ಶಿವರಾತ್ರಿಯ ಮರುದಿನ ಮುಂಜಾನೆ ಎಂದಳು.

ಗಾಡಿ ಹೊಡೆದುಕೊಂಡು ಮನೆಗೆ ಬಂದವನೇ, ಉಣ್ಣದೆ, ಟ್ಯಾಗ್ ತೆರೆದು ಚನ್ನಬಸಪ್ಪ ಅಳಿಸಿ ಈರಪ್ಪ ಎಂದು ಬರೆದೆ. ತಪ್ಪು ತಿದ್ದಬೇಕಿತ್ತು, ತಿದ್ದಿದೆ. ಬೇರೆ ಏನೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ದೊಡ್ಡವ್ವನ ಗುಂಡಿಗೆ ಹೆಸರಿನ ಬದಲು ಆ ಒಂದು ಹಾಡನ್ನೇ ನೇರವಾಗಿ ಜೋಡಿಸಿದೆ. ದೀಪ ಹಚ್ಚುವ ಹೊತ್ತಿಗೆ ಅಬಲೂರಿನಿಂದ ಫೋನ್ ಬಂತು. ಈರಪ್ಪಣ್ಣನ ಹೆಂಡತಿ ಇರಬೇಕೆಂದು ಎತ್ತಿದೆ. “ತಮ್ಮಾ, ನಾ ಮಾತಾಡಾಕತ್ತೇನಿ” ಎಂದ ಈರಪ್ಪಣ್ಣ.

ಮರುದಿನ ಮುಂಜಾನೆ ದೊಡ್ಡವ್ವನ ಫೋನು. ಹಾಡು ಬರುತ್ತಿದೆ, ಆದರೆ ಸರಿಯಿಲ್ಲ ಎಂದಳು. ಸವಣೂರಿಗೆ ಹೋಗಿ, ನನ್ನ ತಪ್ಪನ್ನು ಒಪ್ಪಿಕೊಂಡೆ. ಅದು ದೊಡ್ಡಪ್ಪನ ದನಿಯಲ್ಲ, ಈರಪ್ಪಣ್ಣನದು ಎಂದೆ. ದೊಡ್ಡವ್ವ ನಕ್ಕಳು.

“ನನಗ ಗೊತ್ತಿಲ್ಲೇನೋ ಮಗನ? ನಿಮ್ಮ ದೊಡ್ಡಪ್ಪ ಬಾಯಿ ತಗದ್ರ ಕೊಟ್ಟಿಗ್ಯಾಗಿನ ಎತ್ತು ಹಗ್ಗ ಹರಕೊಂತಿದ್ವು. ನಾ ಕೇಳತಿದ್ದದ್ದು ಅವರ ತಾಳ. ಮೂರು ಹಾಕಿ, ನಾಕನೇದು ಒಂಚೂರು ತಡದು ಹಾಕತಿದ್ರು. ಅದು ಎಲ್ಲಿ ಹೋತು?”

ಗುಂಡಿ ಒತ್ತಿ ಕೇಳಿದೆ. ದನಿ ಇತ್ತು, ಪೆಟ್ಟಿಗೆ ಇತ್ತು. ತಾಳ ಇರಲಿಲ್ಲ. ಮನೆಗೆ ಬಂದು ಟ್ರಂಕಿನಿಂದ ಆ ಹಳೆಯ ಕ್ಯಾಸೆಟ್ಟನ್ನೇ ತೆಗೆದು ಹಚ್ಚಿದೆ. ಕಂಪ್ಯೂಟರಿನಲ್ಲಿ ನಾನು ಏನು ತಿದ್ದಿದರೂ ಟೇಪಿಗೆ ಅದರ ಸುದ್ದಿ ಇರಬಾರದು, ಅಲ್ಲವೇ? ಅದರಲ್ಲೂ ತಾಳ ಇರಲಿಲ್ಲ. ಟ್ಯಾಗಿನ ಕೆಳಗಿನ ಖಾನೆಯಲ್ಲಿ, ತಾಳ: ಚನ್ನಬಸಪ್ಪ ಎಂದು ಬರೆದು ನೋಡಿದೆ. ಬರಲಿಲ್ಲ. ಹಾಡಿದವರು ಎಂಬಲ್ಲಿ ಮತ್ತೆ ದೊಡ್ಡಪ್ಪನ ಹೆಸರು ಹಾಕಿದರೆ ಏನಾಗುತ್ತದೆಂದು ನೋಡುವ ಧೈರ್ಯ ನನಗೆ ಆಗಲಿಲ್ಲ. ವೈರು ಎಲ್ಲಿ ಸಡಿಲಾಗಿದೆ ಎಂದು ಹುಡುಕುವ ನನ್ನ ಬುದ್ಧಿ ಅಲ್ಲಿಗೆ ನಿಂತಿತು.

ಇದೆಲ್ಲವನ್ನೂ ದೊಡ್ಡವ್ವನಿಗೆ ಹೇಳಿದೆ. “ಒಂದಽ ಮುಂಜಾನಿ ಅವರ ಹೆಸರು ಹಾಕು. ಒಂದು ಮುಂಜಾನಿಗೆ ಈರಪ್ಪಗ ಏನಾಗ್ತೈತಿ?” ಎಂದಳು. ಆಗಲ್ಲ ಎಂದೆ. ಆಮೇಲೆ ಅವಳು ಮತ್ತೆ ಕೇಳಿಲ್ಲ. ಈಗಲೂ ದಿನಾ ಗುಂಡಿ ಒತ್ತುತ್ತಾಳೆ, ತಾಳವಿಲ್ಲದ ಹಾಡನ್ನು ಕೊನೆಯವರೆಗೂ ಕೇಳುತ್ತಾಳೆ. ನಾನು ಹೋದರೆ ಮೊದಲಿನಂತೆಯೇ ರೊಟ್ಟಿ ಬಡಿದು ಹಾಕುತ್ತಾಳೆ, ಆದರೆ ನನ್ನ ಮುಖ ನೋಡುವುದಿಲ್ಲ.

ಇದಾಗಿ ಎರಡು ವರ್ಷ. ಈರಪ್ಪಣ್ಣ ಪ್ರತಿ ಸೋಮವಾರ ಹಾಡುತ್ತಾನೆ. ಹೋದ ವಾರ ಫೋನ್ ಮಾಡಿದ್ದ. ದನಿ ಒಂಚೂರು ಒಡೆದಂತೆ ಇತ್ತು. ಗೋವಿನಜೋಳದ ರಾಶಿ ನಡೆದಿದೆ, ಧೂಳು ಎಂದ. ಫೋನ್ ಇಟ್ಟು ಓಡಿಹೋಗಿ ಟ್ಯಾಗ್ ತೆರೆದು ನೋಡಿದೆ. ನಾನು ಬರೆದಂತೆಯೇ ಇತ್ತು, ಈರಪ್ಪ. ಹಾಗಿದ್ದರೆ ಧೂಳೇ ಇರಬೇಕು.

ಹಾಡನ್ನೂ ಹಚ್ಚಿ, ತಾಳ ಇದೆಯೋ ಇಲ್ಲವೋ ನೋಡಬಹುದಿತ್ತು. ಹಚ್ಚಿಲ್ಲ. ಆದರೆ ನಾಲ್ಕು ದಿನದಿಂದ ಸವಣೂರಿನಿಂದ ದೊಡ್ಡವ್ವ ಫೋನ್ ಮಾಡುತ್ತಿದ್ದಾಳೆ, ಎಂದೂ ಇಲ್ಲದ ಖುಷಿಯಲ್ಲಿ, ಊಟ ಆಯ್ತೇನೋ ತಮ್ಮಾ ಎಂದು ಕೇಳಲಿಕ್ಕೆ.