ಐದು ಕೋಣೆಗೆ ಒಂದೇ ಫೈಲು

ಆಪಾರ ಬಲಗೈ ತೋರುಬೆರಳಿನ ತುದಿಯಲ್ಲಿ ದಾರದಷ್ಟು ಸಣ್ಣ ಗೆರೆಯೊಂದಿತ್ತು. ಇಳಕಲ್ಲಿನ ಮನೆಯಲ್ಲಿ ಚಿಕ್ಕಂದಿನಿಂದ ರೇಷ್ಮೆ ಎಳೆ ಹಿಡಿದು ಹಿಡಿದು ಚರ್ಮದೊಳಗೇ ಕೂತುಬಿಟ್ಟ ಗೆರೆ. ಕೀಬೋರ್ಡಿನ ಮೇಲೆ ಆ ಒಂದೇ ಬೆರಳು ಓಡಾಡುತ್ತಿತ್ತು. ಹತ್ತೂ ಬೆರಳಿನ ಟೈಪಿಂಗ್ ಕಲಿತು ಬಂದಿದ್ದ ನನಗೆ ಮೊದಲ ದಿನ ಅದನ್ನು ನೋಡಿ ನಗು ಬಂತು. ಸಂಜೆ ಅವರು ನಾನು ತುಂಬಿದ್ದನ್ನೆಲ್ಲ ತಿರುವಿ ನೋಡಿ, ತಪ್ಪಿದ್ದಲ್ಲೆಲ್ಲ ಅದೇ ಬೆರಳಿಟ್ಟು ತೋರಿಸಿದರು. ಆಮೇಲೆ ನಾನು ನಗಲಿಲ್ಲ.

ಬಾಗಲಕೋಟೆಯ ಒಂದು ಕಣ್ಣಿನ ಆಸ್ಪತ್ರೆಯ ರೆಕಾರ್ಡ್ ರೂಮು ಅವರದು. ದೊಡ್ಡ ಡಾಕ್ಟರಿಂದ ಹಿಡಿದು ಕಸ ಹೊಡೆಯುವವರವರೆಗೆ ಎಲ್ಲರೂ ಅವರನ್ನು ಅಕ್ಕ ಎಂಬರ್ಥದಲ್ಲಿ ಆಪಾ ಎಂದೇ ಕರೆಯುತ್ತಿದ್ದರು. ವಾರವೆಲ್ಲ ಬಾಗಲಕೋಟೆಯಲ್ಲೇ ಒಂದು ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಸಂಜೆ ಇಳಕಲ್ಲಿನ ಬಸ್ಸು ಹತ್ತಿ ತಂಗಿಯ ಮನೆಗೆ ಹೋಗುತ್ತಿದ್ದರು. ನಾನು ಗುಳೇದಗುಡ್ಡದಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಬರುವವಳು. ನನಗೆ ಕೆಲಸ ಶುರುವಾಗುವ ಮೊದಲೇ ಅರ್ಧ ದಣಿವಾಗಿರುತ್ತಿತ್ತು.

ಉಳಿದರ್ಧ ದಣಿವು ಆ ಫೈಲಿನಿಂದ. ರೋಗಿಗಳ ಹೆಸರು, ಊರು, ಯಾವ ಕಣ್ಣಿಗೆ ಪೊರೆ, ಯಾವ ನಂಬರಿನ ಲೆನ್ಸ್, ಎಲ್ಲವೂ ಒಂದೇ ಫೈಲಿನಲ್ಲಿತ್ತು. ಅದು ಕೂತಿದ್ದು ನಮ್ಮ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿ. ತೆರೆಯುತ್ತಿದ್ದುದು ಐದು ಕೋಣೆಗಳಿಂದ. ಯಾರೋ ಫೈಲು ಮುಚ್ಚದೆ ಚಹಾಕ್ಕೆ ಎದ್ದು ಹೋಗುತ್ತಿದ್ದರು. ಇಲ್ಲವೇ ಕರೆಂಟು ಹೋಗಿ ಒಂದು ಕಂಪ್ಯೂಟರು ನಡುವೆಯೇ ಆರುತ್ತಿತ್ತು. ಆಗ ಉಳಿದವರಿಗೆಲ್ಲ ಬಾಗಿಲು ಬಂದ್. 'ಫೈಲನ್ನು ಬೇರೊಬ್ಬರು ಬಳಸುತ್ತಿದ್ದಾರೆ' ಎಂಬ ಒಂದು ಸಾಲು ಪರದೆಯ ಮೇಲೆ ಬಂದು ಕೂರುತ್ತಿತ್ತು. ಹೊರಗೆ ರೋಗಿಗಳ ಸಾಲು ಬೆಳೆಯುತ್ತಿತ್ತು.

ಆಪಾ ಮಂಡಿಯ ಮೇಲೆ ಕೈಯೂರಿ ಏಳುತ್ತಿದ್ದರು. ಐದೂ ಕೋಣೆಗೆ ನಡೆದು ಹೋಗಿ ಒಂದೇ ಮಾತು ಕೇಳುತ್ತಿದ್ದರು. "ಯಾರ್ ತೆರದಿಟ್ಟೀರಿ? ಬಂದ್ ಮಾಡ್ರಿ, ನಾ ಹೇಳೂತನಕ ತೆರೀಬ್ಯಾಡ್ರಿ." ಎಲ್ಲರೂ ಮುಚ್ಚಿದ್ದನ್ನು ಕಣ್ಣಾರೆ ನೋಡಿ ಬಂದ ಮೇಲೆಯೇ ಲಾಕ್ ತೆಗೆಯುವುದು.

ನಾನು ಸೇರಿದ ಹೊಸದರಲ್ಲಿ ಅವರು ಒಂದು ಸಂಗತಿ ತೋರಿಸಿದ್ದರು. ಫೈಲು ತೆರೆದಾಗಲೆಲ್ಲ ಅದರ ಪಕ್ಕದಲ್ಲಿ ಸಣ್ಣದೊಂದು ಫೈಲು ತಾನಾಗಿ ಹುಟ್ಟುತ್ತದೆ. ಅದನ್ನು ಬಿಚ್ಚಿ ನೋಡಿದರೆ, ಚಿತ್ರವಿಚಿತ್ರ ಅಕ್ಷರಗಳ ನಡುವೆ, ಯಾವ ಯಾವ ಕಂಪ್ಯೂಟರು ಒಳಗಿದೆ ಎಂಬ ಹೆಸರುಗಳಿರುತ್ತವೆ. ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಬೇಸತ್ತು ಒಂದು ದಿನ ಅಲ್ಲಿದ್ದ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡುತ್ತ ಹೋದಾಗ ಸಿಕ್ಕಿತ್ತಂತೆ.

"ಒಳಗ ಯಾರದಾರ ಅಂತ ನೋಡಲಾರದ ಲಾಕ್ ಮುರೀಬಾರದು ತಂಗಿ," ಎಂದಿದ್ದರು. "ಕುಂತವ್ರು ಏನ್ ಬರಿಯಾಕತ್ತಿರ್ತಾರ, ನಮಗ ಗೊತ್ತಿರೂದಿಲ್ಲ."

ನಾನು ಮುರಿದೆ. ಆ ಮುಂಜಾನೆ ಆಗಲೇ ಎರಡು ಸಲ ಲಾಕ್ ಬಿದ್ದಿತ್ತು. ಆಪಾ ಮೇಲಿನ ವಾರ್ಡಿಗೆ ಹೋಗಿದ್ದರಿಂದ ಎರಡು ಸಲವೂ ಐದೂ ಕೋಣೆ ತಿರುಗಿದವಳು ನಾನೇ. ಮೂರನೆಯ ಸಲ ಬಿದ್ದಾಗ ಥಿಯೇಟರಿನಿಂದ ಫೋನು ಬಂತು, ಆಪರೇಷನ್ ಪಟ್ಟಿ ಕೂಡಲೇ ಬೇಕು ಎಂದು. ಕಾಲು ಏಳಲಿಲ್ಲ. ನಮ್ಮ ಕಂಪ್ಯೂಟರಿನ ಗುಂಡಿ ಒತ್ತಿ ಆರಿಸಿ, ಮತ್ತೆ ಹಚ್ಚಿದೆ. ಫೈಲು ಕೆಟ್ಟಿದೆ, ಸರಿಪಡಿಸಲೇ ಎಂದು ಅದು ಕೇಳಿತು. ಹೂಂ ಎಂದೆ. ತೆರೆಯಿತು. ಪಟ್ಟಿ ಮುದ್ರಿಸಿ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಬಂದ ಆಪಾ, ಮೇಜಿನ ಮೇಲಿದ್ದ ಪಟ್ಟಿಯ ಪ್ರತಿ ನೋಡುತ್ತ ನಿಂತರು.

"ಹನ್ನೊಂದು ಮಂದಿ. ಎಲ್ಲಾರದೂ ಬಲಗಣ್ಣ?"

ನಾನೂ ಬಗ್ಗಿ ಪಟ್ಟಿ ನೋಡಿದೆ.

"ಏನ್ ಮಾಡೀದಿ?"

"ಏನೂ ಇಲ್ರಿ ಆಪಾ."

"ಸುಳ್ಳ ಹೇಳಾಕ ಬರೂದಿಲ್ಲ ನಿನಗ. ಕಾರ್ಡ್ ತಗೊಂಡ್ ಬಾ."

ಹೊಸ ರೋಗಿಯ ಹೆಸರು ಸೇರಿಸಿದಾಗ ಆ ಫೈಲು ತಾನಾಗಿ 'ಬಲ' ಎಂದು ತುಂಬಿಕೊಳ್ಳುತ್ತಿತ್ತು. ಎಡಗಣ್ಣಿನವರದನ್ನು ಲೆನ್ಸ್ ಅಳೆಯುವ ಕೋಣೆಯಲ್ಲಿ ತಿದ್ದುತ್ತಿದ್ದರು. ಆ ಮುಂಜಾನೆ ಅಲ್ಲಿ ತಿದ್ದಿ ಇನ್ನೂ ಉಳಿಸಿರದಿದ್ದುದನ್ನೆಲ್ಲ ನಾನು ಗುಂಡಿಯೊತ್ತಿ ಅಳಿಸಿಹಾಕಿದ್ದೆ. ಪ್ರತಿ ರೋಗಿಯ ಕಣ್ಣಿನ ವಿವರ ಕೈಯಲ್ಲಿ ಬರೆದಿದ್ದ ಕಾರ್ಡುಗಳ ಕಟ್ಟು ಹಿಡಿದು ಆಪಾರ ಹಿಂದೆ ಓಡುವಾಗ, ಒಳಗೆ ಡಾಕ್ಟರು ಇನ್ನೊಮ್ಮೆ ನೋಡಿಯೇ ನೋಡುತ್ತಾರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಗೂಡೂರಿನ ಮುದುಕಿಯೊಬ್ಬಳನ್ನು ಹಸಿರು ಅಂಗಿ ತೊಡಿಸಿ ಥಿಯೇಟರಿನ ಬಾಗಿಲಲ್ಲಿ ಕೂರಿಸಿದ್ದರು. ಬಲಗಣ್ಣಿಗೆ ಆಗಲೇ ಔಷಧದ ಹನಿ ಬಿದ್ದಿತ್ತು, ಹುಬ್ಬಿನ ಮೇಲೆ ಗುರುತೂ ಬಿದ್ದಿತ್ತು. ಆಪಾ ಅವಳ ಮುಂದೆ ಬಾಗಿದರು.

"ಯಾವ ಕಣ್ಣವ್ವ ನಿಂದು?"

"ಎಡಗಣ್ಣ. ಬಲಗಣ್ಣ ಕಾಣ್ತೈತಿ. ಅದರಿಂದನ ನಿನ್ನ ಮಾರಿ ನೋಡಾಕತ್ತೇನಿ."

"ಮತ್ತ ಹನಿ ಹಾಕೂ ಮುಂದ ಹೇಳಬೇಕಲ್ಲವ್ವ?"

"ಕಲ್ತವ್ರು ನೀವು. ಗೊತ್ತಿರ್ತೈತಿ ಅಂತ ಸುಮ್ನಾದ್ನಿ."

ಆಪಾ ಬಾಗಿಲು ತಟ್ಟಿ ಡಾಕ್ಟರನ್ನು ಹೊರಗೆ ಕರೆದರು.

"ಪಟ್ಟಿ ತಪ್ಪೈತ್ರಿ ಸಾಹೇಬ್ರ. ಒಂದ್ ತಾಸು ಕೊಡ್ರಿ."

"ಹನ್ನೊಂದ್ ಕೇಸ್ ಅದಾವ ಆಪಾ. ಒಂದ್ ತಾಸು ಎಲ್ಲಿಂದ ತರ್ಲಿ?"

"ಗೊತ್ತೈತ್ರಿ. ಆದ್ರೂ ಕೊಡ್ರಿ."

ಕೊಟ್ಟರು. ನಾವು ಹಾಸಿಗೆಯಿಂದ ಹಾಸಿಗೆಗೆ ಹೋಗಿ, ಕಾರ್ಡು ನೋಡಿ, ಬಾಯಿಂದಲೂ ಕೇಳಿ, ಹನ್ನೊಂದನ್ನೂ ಕೈಯಲ್ಲಿ ಬರೆದೆವು. ನಾಲ್ವರದು ಎಡಗಣ್ಣು. ಗೂಡೂರಿನ ಮುದುಕಿಯದು ಆ ದಿನ ಕೊನೆಯ ಆಪರೇಷನ್ ಆಯಿತು. ಮರುದಿನ ಕಣ್ಣಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿದಾಗ ಅವಳು ಎದುರಿನ ಗೋಡೆಯ ಕ್ಯಾಲೆಂಡರನ್ನು ತುಂಬಾ ಹೊತ್ತು ನೋಡುತ್ತ ಕೂತಿದ್ದಳು.

ಆಡಳಿತದವರು ಲಿಖಿತ ಉತ್ತರ ಕೇಳಿದರು. ಆಪಾ ಅದನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತಾರೆಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. ಅವರು ಬಿಳಿ ಹಾಳೆಯೊಂದನ್ನು ನನ್ನ ಕಡೆ ಸರಿಸಿದರು.

"ನೀನ ಬರಿ. ತಪ್ಪು ನಿಂದು, ಕೆಲಸ ಇಬ್ಬರದು. ಕೆಲಸದಾಗ ನಾ ಇರ್ತೇನಿ."

ಬರೆದೆ. ಅದನ್ನು ಒಪ್ಪಿಸಲು ಹೋದಾಗ ಅವರೂ ಜೊತೆಗೆ ಬಂದರು. ಐದು ಕೋಣೆಗೆ ಒಂದೇ ಫೈಲು ತಾಳುವುದಿಲ್ಲವೆಂದು ತಾವು ವರ್ಷಗಳಿಂದ ಕೊಟ್ಟ ಅರ್ಜಿಗಳ ಪ್ರತಿಗಳನ್ನು ನನ್ನ ಹಾಳೆಯ ಮೇಲಿಟ್ಟು, "ಇವನ್ನೂ ಓದ್ರಿ," ಎಂದಷ್ಟೇ ಹೇಳಿ ನಿಂತರು. ನನಗೆ ಎಚ್ಚರಿಕೆಯ ಪತ್ರ ಬಂತು, ಕೆಲಸ ಉಳಿಯಿತು. ಹೊಸ ವ್ಯವಸ್ಥೆ ಬರಲಿಲ್ಲ. ಎರಡು ದಿನ ಮಧ್ಯಾಹ್ನವೆಲ್ಲ ಅವರು ಕಾರ್ಡು ಓದಿದರು, ಅಳಿದದ್ದನ್ನು ನಾನು ಮತ್ತೆ ತುಂಬಿದೆ. ಕಾರ್ಡನ್ನು ಮುಖಕ್ಕೆ ಬಹಳ ಹತ್ತಿರ ಹಿಡಿಯುತ್ತಿದ್ದರು. ದಣಿದಿರಬೇಕು ಎಂದುಕೊಂಡೆ. ಮೂರನೆಯ ದಿನ ಮತ್ತೆ ಲಾಕ್ ಬಿತ್ತು. "ಸಾಕಾತು ತಾಯಿ," ಎನ್ನುತ್ತ ಆಪಾ ಮತ್ತೆ ಎದ್ದರು. ಈ ಸಲ ನಾನೂ ಎದ್ದೆ. ಮೂರು ಕೋಣೆ ಅವರಿಗೆ, ಎರಡು ನನಗೆ. ಬರಬರುತ್ತ ಮೂರು ನನಗಾಯಿತು, ಆಮೇಲೆ ಐದೂ.

ಅವರು ನಿವೃತ್ತರಾಗಿ ಇಳಕಲ್ಲಿಗೆ ಹೋದ ಮೇಲೆ ಹೊಸ ಸಾಫ್ಟ್‌ವೇರ್ ಬಂತು. ಫೋನು ಮಾಡಿ ಹೇಳಿದೆ. "ಲಾಕ್ ಬೀಳೂದಿಲ್ಲೇನ್ ಈಗ?" ಎಂದರು. ಇಲ್ಲ ಎಂದೆ. "ಚಲೋ ಆತು. ಕಾಲಿಗೆ ಆರಾಮ," ಎಂದರು. ಅದೇ ಕೊನೆಯ ಮಾತು. ಎದೆನೋವು ಬಂದು, ಹುನಗುಂದದ ಆಸ್ಪತ್ರೆಯವರೆಗೂ ತಲುಪಲಾಗಲಿಲ್ಲವಂತೆ.

ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಎಲ್ಲಿ ಕೂರಬೇಕೆಂದು ತಿಳಿಯದೆ ಹೊಸ್ತಿಲಲ್ಲಿ ನಿಂತಿದ್ದವಳನ್ನು ಅವರ ತಂಗಿ ಕೈಹಿಡಿದು ಒಳಗೆ ಕೂರಿಸಿದರು.

"ದವಾಖಾನ್ಯಾಗ ಆಪಾನ ಕೂಡ ಇದ್ದಾಕಿ ನೀನ ಅಲ್ಲೇನವ್ವ?"

ಹೌದೆಂದೆ.

"ಎಡಗಣ್ಣಾಗ ಪೊರಿ ಬಂದಿತ್ತು ಆಕೀಗೆ. ಅಲ್ಲಿದ್ದಾಗನ. ಕಡಿಕಡೀಕ ಒಂದ ಕಣ್ಣಿಲೆ ಓದ್ತಿದ್ಲು. ನಿಮ್ಮ ದವಾಖಾನ್ಯಾಗನ ತೆಗಿಸ್ಕೋ ಅಂದ್ರ, ಒಂದ್ ವಾರ ಮನ್ಯಾಗ ಕುಂತ್ರ ರೂಮ್ ಯಾರ್ ನೋಡ್ತಾರ ಅಂತಿದ್ಲು."

ದಿನಕ್ಕೆ ನೂರಾರು ಕಣ್ಣು ನೋಡುವ ಜಾಗ ನಮ್ಮದು. ಕೈಯಳತೆ ದೂರದಲ್ಲಿ ಅವರ ಪಕ್ಕ ಕೂತವಳು ನಾನು. ಆ ಹೊತ್ತಿಗೆ ನನಗೆ ಕೆಲಸ ಬರುತ್ತಿತ್ತು. ಒಂದು ವಾರ ರೂಮು ನೋಡಿಕೊಳ್ಳುವುದು ನನ್ನಿಂದ ಆಗುತ್ತಿತ್ತು. ಹೋಗಿ ಬರ್ರಿ ಆಪಾ, ನಾ ಇರ್ತೇನಿ ಎಂದಿದ್ದರೆ ಸಾಕಿತ್ತು. ಎಲ್ಲರ ಕಣ್ಣನ್ನೂ ಕೇಳಿ ಬರೆದುಕೊಳ್ಳುತ್ತಿದ್ದ ನಾನು ಅವರ ಕಣ್ಣನ್ನು ಮಾತ್ರ ಒಂದು ದಿನವೂ ಕೇಳಲಿಲ್ಲ.