ಲಿಫ್ಟಣ್ಣನ ಅನಾಥರು

ಲಿಫ್ಟಣ್ಣ ಹುಟ್ಟಿಸಿದವರೆಲ್ಲ ತಬ್ಬಲಿಗಳು. ಕಳ್ಳ, ಬಿಲ್ಲುಗಾರ, ಮಾಟಗಾರ, ಒಂದು ಕಿವಿ ಹರಿದ ಕುಳ್ಳ, ಯಾರಿಗೂ ಅಪ್ಪ ಅಮ್ಮ ಇರಲಿಲ್ಲ.

ಗಾಬರಿಯಾಗಬೇಡಿ, ಆಟದ ಮಾತು. ಭಾನುವಾರ ಮಧ್ಯಾಹ್ನ ನಾವು ನಾಲ್ವರು ಅವನ ಮನೆಯ ಊಟದ ಮೇಜಿನ ಸುತ್ತ ಕೂರುತ್ತಿದ್ದೆವು. ಕಥೆ ನಡೆಸುವವರು ಚಿತ್ರಕಲೆ ಮೇಷ್ಟ್ರು. ಕಾಡು, ಗುಹೆ, ರಾಕ್ಷಸ ಎಲ್ಲ ಅವರ ಬಾಯಲ್ಲೇ ಹುಟ್ಟಬೇಕು. ಅವರ ಹೆಂಡತಿ, ಲಿಫ್ಟ್ ರಿಪೇರಿಯ ಲಿಫ್ಟಣ್ಣ, ಕನ್ನಡಕಕ್ಕೆ ಗಾಜು ಕೂರಿಸುವ ನಾನು, ಒಬ್ಬೊಬ್ಬರೂ ಒಂದು ಪಾತ್ರ ಕಟ್ಟಿಕೊಂಡು ಆ ಕಥೆಯೊಳಗೆ ನುಗ್ಗುವುದು. ಏಟು ಬಿತ್ತೋ ತಪ್ಪಿತೋ ದಾಳ ಹೇಳುತ್ತದೆ. ಪಾತ್ರ ಸತ್ತರೆ ಹೊಸದು ಕಟ್ಟಬೇಕು. ಅವನು ಯಾರ ಮಗ, ಯಾಕೆ ಮನೆ ಬಿಟ್ಟ ಎಂಬ ಹಿಂದಿನ ಕಥೆ ಬರೆದು ಎಲ್ಲರೆದುರು ಓದಬೇಕು.

ಮೇಷ್ಟ್ರಿಗೆ ಒಂದು ಕೆಟ್ಟ ಚಾಳಿ. ಹಿಂದಿನ ಕಥೆಯಲ್ಲಿ ತಂಗಿ ಅಂತ ಬರೆದರೆ ಸಾಕು, ಮುಂದಿನ ವಾರ ಅವಳ ಅಪಹರಣ. ನನ್ನ ಪಾತ್ರದ ಪಾಪದ ಅಜ್ಜನನ್ನು ಬಾವಿಗೆ ತಳ್ಳಿಸಿದ ಪುಣ್ಯಾತ್ಮರು ಅವರು. ಅದಕ್ಕೇ ಲಿಫ್ಟಣ್ಣ ಹಿಂದೆ ಮುಂದೆ ಯಾರೂ ಇಲ್ಲದವರನ್ನೇ ಕಟ್ಟುತ್ತಾನೆ, ಆಸಾಮಿ ಜಾಣ, ಅಂದುಕೊಂಡಿದ್ದೆ.

ಆದರೆ ಒಳಕೋಣೆಯಲ್ಲಿ ಅವನ ಅಮ್ಮ ಇದ್ದರಲ್ಲ. ಎರಡೂ ಮಂಡಿ ಹೋಗಿ ಹಾಸಿಗೆಯಿಂದ ಕುರ್ಚಿ, ಕುರ್ಚಿಯಿಂದ ಹಾಸಿಗೆ. ಕಿವಿ ಮಾತ್ರ ಭಲೇ ಚುರುಕು. ಇವನು, “ನಾನು ಚಿಕ್ಕವನಿದ್ದಾಗಲೇ ಅಮ್ಮ ಜ್ವರ ಬಂದು ಸತ್ತಳು” ಎಂದು ಓದುವುದೇ ತಡ, ಒಳಗಿನಿಂದ ಕೂಗು:

“ಬಿಡ್ತು ಅನ್ನೋ!”

“ಅಮ್ಮಾ, ಇದು ಆಟ.”

“ಆಟಾನೋ ಪಾಟಾನೋ, ಮೊದ್ಲು ಬಿಡ್ತು ಅನ್ನು.”

“ಬಿಡ್ತು.”

ಆಮೇಲೆಯೇ ದಾಳ ಉರುಳುತ್ತಿದ್ದದ್ದು. ನಾನು ನೀರು ಕೊಡಲು ಒಳಗೆ ಹೋದರೆ, ಎಲ್ಲ ಕೇಳಿಸಿಕೊಂಡಿದ್ದರೂ ಮುದುಕಿ ಪಿಸುಗುಡುತ್ತಿದ್ದರು: “ಈ ಸಲ ಹೆಂಗೆ ಸಾಯಿಸಿದ್ನೇ ನನ್ನ?”

“ಹೊಳೇಲಿ ಮುಳುಗಿಸ್ದ ಅಮ್ಮಾ.”

“ಥೂ! ಹೋದ್ಸಲ ಹುಲಿಯಾದ್ರೂ ಇತ್ತು.”

ಲಿಫ್ಟಣ್ಣನ ಬದುಕು ಹೇಳಿಕೊಳ್ಳುವಂಥದ್ದಲ್ಲ. ದಿನವಿಡೀ ಲಿಫ್ಟಿನ ಗುಂಡಿಯ ಕತ್ತಲಲ್ಲಿ, ಗ್ರೀಸು ಹಿಡಿದ ಹಗ್ಗಗಳ ನಡುವೆ. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚುವಾಗ ಇವನು ಮನೆಗೆ ಓಡಿ ಅಮ್ಮನನ್ನು ಬಚ್ಚಲಿಗೆ ಕರೆದೊಯ್ಯಬೇಕು. ಕಂಪನಿಯವರು ಬಂದರಿನ ಊರಿಗೆ ದೊಡ್ಡ ಕೆಲಸಕ್ಕೆ ಕರೆದರು, ಹೋಗಲಿಲ್ಲ. ಕಚೇರಿಯಲ್ಲಿ ಒಬ್ಬಳು ಕಾದಳು, ಕಾದಳು, ಕೊನೆಗೆ ಬೇರೆಯವನನ್ನು ಕಟ್ಟಿಕೊಂಡಳು. ಅವನ ಅನಾಥರು ಮಾತ್ರ ಏಳು ಸಮುದ್ರ ದಾಟಿ ಬಂದರು. ಅವರನ್ನು ‘ಎಲ್ಲಿಗೆ ಹೊರಟೆ’ ಎಂದು ಕೇಳುವವರೇ ಇರಲಿಲ್ಲ. ಇದು ನನ್ನ ಮಂದಬುದ್ಧಿಗೆ ಹೊಳೆದದ್ದು ಬಹಳ ತಡವಾಗಿ.

ಆ ಭಾನುವಾರ ಅವನ ಕಣ್ಣು ಕೆಂಪಗಿತ್ತು. ಅಮ್ಮನಿಗೆ ಹೊಟ್ಟೆ ಕೆಟ್ಟು ಬೆಳಗಿನಿಂದ ಚಾದರ ಒಗೆದೂ ಒಗೆದೂ ಸುಸ್ತಾಗಿದ್ದ. ಹೊಸ ಪಾತ್ರದ ಕಥೆ ಓದಿದ: “ಅಮ್ಮ ಸತ್ತ ದಿನ ಇವನಿಗೆ ಮೈ ಹಗುರವಾಯಿತು.”

“ಬಿಡ್ತು ಅನ್ನೋ,” ಒಳಗಿನಿಂದ ದನಿ ಬಂತು. ಕೂಗಲೂ ಶಕ್ತಿಯಿರಲಿಲ್ಲ.

“ಅನ್ನಲ್ಲ.”

“ಅನ್ನೋ, ಮಗಾ.”

“ಅನ್ನಲ್ಲ ಅಂದ್ರೆ ಅನ್ನಲ್ಲ! ಇದೊಂದು ಜಾಗದಲ್ಲಾದ್ರೂ ನನ್ನ ಬಿಟ್ಬಿಡು!”

ಮೇಷ್ಟ್ರು ಕೆಮ್ಮಿ ಆಟ ಮುಂದುವರಿಸಿದರು. ನಾವೂ ನಾಚಿಕೆಗೆಟ್ಟವರು, ಆಡಿದೆವು. ಅವತ್ತು ಅವನ ದಾಳಕ್ಕೆ ಸೋಲೇ ಇರಲಿಲ್ಲ.

ಆ ವಾರವೇ ಮುದುಕಿಗೆ ಲಕ್ವ ಹೊಡೆಯಿತು. ಒಂದು ಬದಿ ಬಿದ್ದುಹೋಗಿ ಮಾತು ನಿಂತಿತು. ಆಸ್ಪತ್ರೆಗೆ ನಾನು ಹೋದಾಗ ಲಿಫ್ಟಣ್ಣ ಅವರ ಕಿವಿಗೆ ಬಾಯಿಟ್ಟು, “ಬಿಡ್ತು ಅಮ್ಮಾ, ಬಿಡ್ತು, ಬಿಡ್ತು” ಅನ್ನುತ್ತಿದ್ದ. ಬಾಟಲಿ ಬದಲಿಸಲು ಬಂದ ನರ್ಸಮ್ಮ ಕೇಳಿದರು, “ಏನ್ ಬಿಡ್ತು? ಜ್ವರಾನಾ?”

“ಹೂಂ,” ಅಂದ.

ಮುದುಕಿಯ ಕಣ್ಣು ತೆರೆದೇ ಇತ್ತು, ಆದರೆ ಚಾವಣಿ ಬಿಟ್ಟು ಇತ್ತ ತಿರುಗಲಿಲ್ಲ. ಮರುದಿನ ತೀರಿಕೊಂಡರು.

ನಾನು ನನಗೆ ತಿಳಿದ ಹಾಗೆ ಸಮಾಧಾನ ಹೇಳಿದೆ. “ಮಾತಿಗೆಲ್ಲ ಜನ ಸಾಯ್ತಾರೇನೋ? ಹಂಗಿದ್ರೆ ನನ್ನ ಬೈಗುಳಕ್ಕೆ ನಮ್ಮ ಅಂಗಡಿ ಯಜಮಾನ ಎಂದೋ ಹೋಗ್ಬೇಕಿತ್ತು.”

“ಸಾಯಲ್ಲ ಅಂತ ನಂಗೂ ಗೊತ್ತು ಕಣೇ,” ಅಂದ. “ಆದ್ರೆ ಅದನ್ನ ಕೇಳಿಸ್ಕೊಂಡ್ಲು. ಬಿಡ್ತು ಅಂದಿದ್ದು ಕೇಳಿಸ್ತೋ ಇಲ್ವೋ.”

 

ಎಷ್ಟೋ ತಿಂಗಳಾದ ಮೇಲೆ ಅವನೇ ನಮ್ಮನ್ನು ಆಟಕ್ಕೆ ಕರೆದ. ಒಳಕೋಣೆಯ ಬಾಗಿಲು ತೆರೆದಿತ್ತು, ಕುರ್ಚಿ ಅಲ್ಲೇ ಇತ್ತು. ಹೊಸ ಪಾತ್ರದ ಕಥೆ ಓದಿದ: “ಇವನಿಗೆ ಅಮ್ಮ ಇದ್ದಾಳೆ. ಮಂಡಿನೋವು. ಕಿವಿ ಚುರುಕು.” ಅಷ್ಟೇ.

ಮೇಷ್ಟ್ರು ಕಥೆ ಶುರು ಮಾಡಿದರು. ಬೆಟ್ಟದಾಚೆ ಗುಹೆ, ಗುಹೆಯಲ್ಲಿ ನಿಧಿ. ಮೇಷ್ಟ್ರ ಹೆಂಡತಿಯೂ ನಾನೂ ಹೊರಟೆವು.

“ನಿನ್ನವನು?” ಮೇಷ್ಟ್ರು ಲಿಫ್ಟಣ್ಣನನ್ನು ಕೇಳಿದರು.

“ಬರಲ್ಲ. ಅಮ್ಮನ್ನ ಬಿಟ್ಟು ಹೆಂಗೆ ಬರ್ತಾನೆ?”

ಮೇಷ್ಟ್ರಿಗೆ ಕಥೆ ಓಡಬೇಕು. ಅಷ್ಟು ವರ್ಷದ ಚಾಳಿ, ನಾಲಿಗೆ ತಾನಾಗಿಯೇ ಹೊರಳಿತು: “ಸರಿ, ಅವತ್ತೇ ಆ ಮನೆಗೆ ಬೆಂಕಿ ಬಿದ್ದು ಅವನ ತಾಯಿ…”

ಹೆಂಡತಿ ಅವರ ಕೈ ಹಿಡಿದರು. ತಡವಾಗಿತ್ತು.

“ಬಿಡ್ತು ಅನ್ರಿ, ಮೇಷ್ಟ್ರೇ,” ಅಂದ ಲಿಫ್ಟಣ್ಣ. ತಮಾಷೆಯ ದನಿಯಲ್ಲ.

“ಬಿಡ್ತು,” ಅಂದರು ಮೇಷ್ಟ್ರು.

“ಜೋರಾಗಿ ಅನ್ರಿ. ಒಳಗೆ ಕೇಳಿಸ್ಲಿ.”

ಮೇಷ್ಟ್ರು ಖಾಲಿ ಕೋಣೆಯ ಕಡೆ ತಿರುಗಿ ಜೋರಾಗಿ ಅಂದರು. ಆಮೇಲೆ ಲಿಫ್ಟಣ್ಣ ದಾಳವನ್ನು ನನ್ನ ಕಡೆ ತಳ್ಳಿದ. ನಾವಿಬ್ಬರು ಗುಹೆಗೆ ಹೋದೆವು, ಅವನು ಮನೆಯಲ್ಲೇ ಉಳಿದ.