ಉಳಿದ ಕತೆ ಹೇಳಿದವರು

ಕೊರೊನಾ ಕಳೆದು ಥಿಯೇಟರುಗಳು ಮತ್ತೆ ತುಂಬತೊಡಗಿದ್ದ ವರ್ಷ. ಅದೇ ಕಾಯಿಲೆಯಿಂದ ನಮ್ಮ ಮಾವ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಕೊನೆಗಳಿಗೆಯಲ್ಲಿ ನಮ್ಮನ್ಯಾರನ್ನೂ ಒಳಗೆ ಬಿಟ್ಟಿರಲಿಲ್ಲ. ಆಮೇಲೆ ಅತ್ತೆ ಅಳಲಿಲ್ಲ, ಮಾವನ ಹೆಸರೆತ್ತಲಿಲ್ಲ, ಮತ್ತಿಕೆರೆಯ ನಮ್ಮ ಮನೆಯ ಗೇಟು ದಾಟಿದ್ದೂ ಅಪರೂಪ.

ಒಂದು ಭಾನುವಾರ ಬಲವಂತ ಮಾಡಿ ಅವರನ್ನು ಯಶವಂತಪುರದ ಕಡೆಯ ಮಾಲ್‌ಗೆ ಸಿನಿಮಾಕ್ಕೆ ಕರೆದುಕೊಂಡು ಹೋದೆ. ಕನ್ನಡ ಚಿತ್ರಕ್ಕೆ ಟಿಕೆಟ್ ಮುಗಿದಿತ್ತು. ಬಂದದ್ದಾಯಿತಲ್ಲ ಎಂದು ಸಿಕ್ಕಿದ್ದಕ್ಕೆ ಹೋಗಿ ಕೂತೆವು. ಅದು ಮೂರು ದೇಶಗಳ ಮೂರು ಸಂಸಾರಗಳ ಕತೆ. ಮಾತೆಲ್ಲ ಪರಭಾಷೆ, ಕೆಳಗೆ ಇಂಗ್ಲಿಷ್ ಅಕ್ಷರ. ಅತ್ತೆಗೆ ಇಂಗ್ಲಿಷ್ ಬಾರದು. ನಾನು ಅವರ ಕಿವಿಯಲ್ಲಿ ಪಿಸುಗುಟ್ಟುತ್ತಾ ಹೋದೆ. ನನ್ನ ಇನ್ನೊಂದು ಪಕ್ಕದಲ್ಲಿ ಬುರ್ಖಾ ತೊಟ್ಟ ಹೆಂಗಸೊಬ್ಬರು ತಮ್ಮ ತಾಯಿಗೆ ಉರ್ದುವಿನಲ್ಲಿ ಅದನ್ನೇ ಮಾಡುತ್ತಿದ್ದರು. ಕಣ್ಣು ಕೂಡಿದಾಗ ಇಬ್ಬರಿಗೂ ನಗು ಬಂತು.

ಚಿತ್ರದಲ್ಲಿ ಜಪಾನಿನ ಮೀನುಗಾರನೊಬ್ಬ ದುಡಿಯಲು ಹೋಗಿ ಟರ್ಕಿಯ ಬಂದರಿನಲ್ಲಿ ಕಾಯಿಲೆ ಬೀಳುತ್ತಾನೆ. ಅಲ್ಲಿನ ಬಸ್ ಡ್ರೈವರ್ ಅವನನ್ನು ಆಸ್ಪತ್ರೆಗೆ ಸೇರಿಸುತ್ತಾನೆ. ಅಲ್ಲಿ ಕೆಲಸಕ್ಕಿದ್ದ ಕೇರಳದ ನರ್ಸ್ ಒಬ್ಬಳು ಆರೈಕೆ ಮಾಡುತ್ತಾಳೆ. ಅವನು ಉಳಿಯುವುದಿಲ್ಲ. ಕೊನೆಗೆ ಆ ನರ್ಸ್ ಜಪಾನಿನವರೆಗೂ ಹೋಗಿ ಅವನ ಹೆಂಡತಿಯ ಮುಂದೆ ಕೂರುತ್ತಾಳೆ.

ಅವಳು ಆಡಿದ ಮಾತು ಓದುತ್ತಿದ್ದಂತೆ ನಾನು ಪಿಸುಗುಟ್ಟುವುದನ್ನು ನಿಲ್ಲಿಸಿದೆ.

"ಏನಂದ್ಳು? ಹೇಳಮ್ಮ," ಎಂದರು ಅತ್ತೆ.

ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಆಗ ಪಕ್ಕದವರು ನನ್ನನ್ನು ದಾಟಿ ಅತ್ತೆಯ ಕಡೆ ಬಾಗಿದರು. "ನಿಮ್ಮನೆಯವರು ಒಬ್ರೇ ಇರ್ಲಿಲ್ಲ, ಕೊನೇವರ್ಗೂ ನಾನು ಕೈ ಹಿಡ್ಕೊಂಡಿದ್ದೆ ಅಂತ ಹೇಳ್ತಾವ್ಳೆ ಆಂಟಿ," ಎಂದರು ಮೆಲ್ಲಗೆ.

ಅತ್ತೆ ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದರು. ಲೈಟು ಹತ್ತಿದರೂ ನಿಲ್ಲಲಿಲ್ಲ. ನಾನು ಗಾಬರಿಯಾಗಿ ಸಮಾಧಾನ ಮಾಡಲು ಹೋದರೆ ಆ ಹೆಂಗಸಿನ ತಾಯಿ ಎದ್ದು ಬಂದು ಅತ್ತೆಯ ಕೈ ಹಿಡಿದು, "ಅಳ್ಲಿ ಬಿಡು ಬೇಟಾ," ಎಂದರು. ಜನ ಹೋಗುವವರೆಗೂ ಕೈ ಬಿಡಲಿಲ್ಲ.

ಆಟೋದಲ್ಲಿ ಅತ್ತೆ ಕೇಳಿದರು: "ನಿಮ್ಮ ಮಾವನ ಹತ್ರಾನೂ ಯಾರಾದ್ರೂ ಕೂತಿದ್ದಿರ್ಬೌದು ಅಲ್ವಾ?"

"ಕೂತೇ ಇರ್ತಾರೆ ಅತ್ತೆ."

ಆಮೇಲೆ ತಾವಾಗಿಯೇ ಶುರುಮಾಡಿದರು. "ಮದ್ವೆ ಆದ ಹೊಸದ್ರಲ್ಲಿ ಸೈಕಲ್ ಮೇಲೆ ಕೂರಿಸ್ಕೊಂಡು ಹಿಂದಿ ಪಿಕ್ಚರ್‌ಗೆ ಕರ್ಕೊಂಡು ಬರೋರು. ಹಿಂಗೇ ಕಿವೀಲಿ ಕನ್ನಡದಲ್ಲಿ ಹೇಳೋರು. ಅವ್ರಿಗೆಲ್ಲಿ ಹಿಂದಿ ಬರ್ತಿತ್ತು? ಅರ್ಧ ಅವ್ರೇ ಕಟ್ಟಿ ಹೇಳೋರು."

ಮತ್ತಿಕೆರೆ ಬರುವವರೆಗೂ ಅತ್ತೆ ಮಾವನ ಬಗ್ಗೆ ಮಾತಾಡುತ್ತಲೇ ಇದ್ದರು. ನಡುನಡುವೆ ನಕ್ಕರು ಕೂಡ.

ಆ ತಾಯಿ-ಮಗಳ ಹೆಸರನ್ನು ಅವತ್ತು ನಾನು ಕೇಳಲೇ ಇಲ್ಲ. ಆರ್.ಟಿ. ನಗರದವರೆಂದು ಇಂಟರ್ವಲ್ಲಿನಲ್ಲಿ ಹೇಳಿದ್ದಷ್ಟೇ ನೆನಪು. ಆ ಕಡೆ ಹೋದಾಗಲೆಲ್ಲ ಬಸ್ ಸ್ಟಾಪಿನಲ್ಲಿ ನಿಂತವರ ಮುಖಗಳನ್ನು ಇವತ್ತಿಗೂ ನೋಡುತ್ತೇನೆ.